ಹಾಳೆಟೊಪ್ಪಿ ಮತ್ತು ಏಕವಚನ

ಕ್ವೇಕರರೆಂಬ ಕ್ರೈಸ್ತ ಪಂಥದವರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರಿಗೆ ಒಂದು ತೊಡಕಿದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಪಂಥದವರು ನ್ಯಾಯಾಧೀಶನನ್ನೂ ಜಮೀನ್ದಾರನನ್ನೂ ಹೆತ್ತ ತಂದೆಯನ್ನೂ ಏಕವಚನದಲ್ಲಿ ಮಾತನಾಡಿಸಿ ಏಟು ತಿಂದರು, ಸೆರೆಮನೆ ಸೇರಿದರು ಎಂಬುದನ್ನು ಇಂದಿನ ಇಂಗ್ಲಿಷ್ ಓದುಗರಿಗೆ ಮನಗಾಣಿಸಲು ಪುಟಗಟ್ಟಲೆ ವಿವರಣೆ ಬೇಕಾಗುತ್ತದೆ. ಅವರ ಭಾಷೆಯಲ್ಲಿ ‘ನೀನು’ ಸತ್ತು ಬಹಳ ಕಾಲವಾಯಿತು, ಈಗ ಉಳಿದಿರುವುದು ಎಲ್ಲರಿಗೂ ಸಲ್ಲುವ ಒಂದೇ ‘ಯೂ’. ಕನ್ನಡದ ಓದುಗರಿಗೆ, ಅದರಲ್ಲೂ ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಬೆಳೆದವರಿಗೆ, ಆ ವಿವರಣೆಯ ಅಗತ್ಯವಿಲ್ಲ. ಯಾರನ್ನು ‘ನೀನು’ ಎನ್ನಬೇಕು, ಯಾರನ್ನು ‘ನೀವು’ ಎನ್ನಬೇಕು, ಯಾರ ಹೆಸರಿನ ತುದಿಗೆ ‘ಅಯ್ಯ’ ಸೇರಿಸಬೇಕು, ಯಾರನ್ನು ಬರಿಯ ‘ಏ’ ಎಂದು ಕೂಗಿದರೂ ನಡೆದೀತು ಎಂಬುದನ್ನು ನಾವು ಅಕ್ಷರ ತಿದ್ದುವುದಕ್ಕಿಂತ ಮೊದಲೇ ಕಲಿತಿರುತ್ತೇವೆ.

ನಮ್ಮ ಮನೆ ಇರುವುದು ಸಾಗರ ತಾಲ್ಲೂಕಿನಲ್ಲಿ. 1960ರ ದಶಕದ ಮಧ್ಯಭಾಗದಲ್ಲಿ, ನಾನು ಶಾಲೆಗೆ ಸೇರಿದ ಹೊಸದರಲ್ಲಿ, ನಮ್ಮ ತೋಟದ ಕೊಯ್ಲಿಗೆ ಬರುತ್ತಿದ್ದ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನಿಗೆ ನನ್ನ ಅಜ್ಜನಷ್ಟೇ ವಯಸ್ಸಾಗಿತ್ತು. ಅವನು ಅಂಗಳಕ್ಕೆ ಕಾಲಿಡುವ ಮೊದಲು ತಲೆಯ ಮೇಲಿನ, ಅಡಿಕೆ ಹಾಳೆಯಿಂದ ಮಾಡಿದ ಹಾಳೆಟೊಪ್ಪಿಯನ್ನು ತೆಗೆದು ಕಂಕುಳಲ್ಲಿ ಅವುಚಿಕೊಳ್ಳುತ್ತಿದ್ದ, ಜಗಲಿಯ ಮೆಟ್ಟಿಲ ಕೆಳಗೆ ನಿಂತು ಮಾತನಾಡುತ್ತಿದ್ದ, ಏಳು ವರ್ಷದ ನನ್ನನ್ನು ‘ಸಣ್ಣಯ್ಯ’ ಎಂದು ಬಹುವಚನದಲ್ಲಿ ಕರೆಯುತ್ತಿದ್ದ. ನಾನು ಅವನ ಹೆಸರು ಹಿಡಿದು ‘ಬಾ, ಹೋಗು’ ಎನ್ನುತ್ತಿದ್ದೆ. ಅದರಲ್ಲಿ ತಪ್ಪಿದೆಯೆಂದು ಮನೆಯಲ್ಲಿ ಯಾರಿಗೂ ಅನ್ನಿಸಿದ್ದಿಲ್ಲ. ಈಗ ಈ ಸಾಲುಗಳನ್ನು ಓದಿಕೊಂಡಾಗ, ಅರವತ್ತು ವರ್ಷ ಕಳೆದ ಮೇಲೂ ಆ ಹಿರಿಯನನ್ನು ‘ಅವನು’ ಎಂದೇ ಬರೆದಿದ್ದೇನೆ ಎಂಬುದು ಗಮನಕ್ಕೆ ಬಂತು. ತಿದ್ದದೆ ಬಿಡುತ್ತೇನೆ. ಈ ಬರಹದಲ್ಲಿ ಬರುವ ಹಳೆಯ ಕ್ವೇಕರರನ್ನೂ, ಹೆಂಗಸರೆನ್ನದೆ ಗಂಡಸರೆನ್ನದೆ, ಏಕವಚನದಲ್ಲಿಯೇ ಹೆಸರಿಸುತ್ತೇನೆ. ಬಹುವಚನ ಬಳಸಿದ್ದರೆ ಅವರೇ ಆಕ್ಷೇಪಿಸುತ್ತಿದ್ದರು.

ಈ ಪಂಥದ ಮೂಲಪುರುಷ ಜಾರ್ಜ್ ಫಾಕ್ಸ್ 1624ರಲ್ಲಿ ಲೆಸ್ಟರ್‌ಶೈರಿನ ಹಳ್ಳಿಯೊಂದರಲ್ಲಿ ನೇಕಾರನ ಮಗನಾಗಿ ಹುಟ್ಟಿದ, ಪಾದರಕ್ಷೆ ಹೊಲಿಯುವವನ ಬಳಿ ಕೆಲಸ ಕಲಿತ. ಅವನು ಹರೆಯಕ್ಕೆ ಬಂದದ್ದು ದೇಶ ಒಳಯುದ್ಧದಲ್ಲಿ ಬೇಯುತ್ತಿದ್ದ ಕಾಲದಲ್ಲಿ. 1649ರಲ್ಲಿ ಅಲ್ಲಿನ ಪಾರ್ಲಿಮೆಂಟಿನವರು ತಮ್ಮ ದೊರೆಯ ತಲೆಯನ್ನೇ ಕತ್ತರಿಸಿದರು. ದೊರೆಯೇ ಹೋದ ಮೇಲೆ ಪಾದ್ರಿ ಯಾಕೆ, ಚರ್ಚಿಗೆ ಹತ್ತರಲ್ಲೊಂದು ಪಾಲಿನ ತೆರಿಗೆ ಯಾಕೆ, ಮೇಲು ಕೀಳು ಯಾಕೆ ಎಂದು ಕೇಳುವವರು ಊರೂರಿಗೂ ಹುಟ್ಟಿಕೊಂಡಿದ್ದರು. ಅವರಲ್ಲಿ ಹೆಚ್ಚಿನವರು ಹತ್ತಿಪ್ಪತ್ತು ವರ್ಷಗಳಲ್ಲಿ ಹೇಳಹೆಸರಿಲ್ಲದೆ ಹೋದರು, ಫಾಕ್ಸ್‌ನ ಜನ ಉಳಿದುಕೊಂಡರು. ಪ್ರತಿಯೊಬ್ಬ ಮನುಷ್ಯನ ಒಳಗೂ ದೇವರ ಬೆಳಕಿದೆ, ಅದನ್ನು ಕಾಣಲು ನಡುವೆ ಮತ್ತೊಬ್ಬ ಬೇಕಾಗಿಲ್ಲ ಎಂಬುದಷ್ಟೇ ಅವನ ಬೋಧನೆ. 1650ರಲ್ಲಿ ಡರ್ಬಿಯ ನ್ಯಾಯಾಧೀಶನ ಎದುರು ನಿಂತು, ದೇವರ ಮಾತಿಗೆ ನಡುಗು ಎಂದು ಅವನಿಗೇ ಬುದ್ಧಿ ಹೇಳಿದ್ದರಿಂದ, ಆ ನ್ಯಾಯಾಧೀಶ ಇವರನ್ನು ‘ನಡುಗುವವರು’ ಎಂದು ಗೇಲಿ ಮಾಡಿದ. ಕ್ವೇಕರ್ ಎಂಬ ಹೆಸರು ಹಾಗೆ ಅಂಟಿಕೊಂಡಿತು. ಅವರು ತಮ್ಮನ್ನು ಕರೆದುಕೊಳ್ಳುವುದು ಮಿತ್ರರು ಎಂದು.

ಒಳಬೆಳಕಿನ ಮಾತು ನಮಗೆ ಹೊಸದಲ್ಲ. ಅಲ್ಲಮನ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ. ಕ್ವೇಕರರಿಗಿಂತ ಐದು ಶತಮಾನ ಮೊದಲೇ ನಮ್ಮಲ್ಲಿ ಇದೆಲ್ಲ ಆಗಿಹೋಗಿತ್ತು ಎಂದು ಹೇಳಿ ಎದೆಯುಬ್ಬಿಸಿಕೊಂಡು ಪುಸ್ತಕ ಮುಚ್ಚಿಬಿಡುವುದು ಸುಲಭ, ನಮ್ಮ ಸಭೆಗಳಲ್ಲಿ ಅದು ಪದೇಪದೇ ನಡೆಯುತ್ತದೆ. ಹಾಗಾದರೆ ಆ ಕೊನೆಗೌಡ ಅಂಗಳದಲ್ಲಿ ಯಾಕೆ ನಿಂತಿದ್ದ ಎಂಬ ಪ್ರಶ್ನೆ ಅಲ್ಲಿಯೇ ಉಳಿಯುತ್ತದೆ. ನನಗೆ ಕ್ವೇಕರರಲ್ಲಿ ಕುತೂಹಲ ಹುಟ್ಟಿದ್ದು ಅವರ ತತ್ತ್ವದಿಂದಲ್ಲ. ಆ ತತ್ತ್ವವನ್ನು ಅವರು ಟೊಪ್ಪಿ, ಸರ್ವನಾಮ, ಆಣೆ, ತಕ್ಕಡಿಗಳಂತಹ ದಿನಬಳಕೆಯ ಸಣ್ಣ ಸಂಗತಿಗಳಿಗೆ ಇಳಿಸಿದ ಬಗೆಯಿಂದ, ಮತ್ತು ಅದಕ್ಕಾಗಿ ತೆತ್ತ ಬೆಲೆಯಿಂದ.

ಆ ಕಾಲದ ಇಂಗ್ಲಿಷಿನಲ್ಲಿ ‘ದೌ’ ಏಕವಚನ, ‘ಯೂ’ ಬಹುವಚನ. ಮೇಲಿನವರಿಗೆ ಬಹುವಚನ, ಕೆಳಗಿನವರಿಗೂ ಮಕ್ಕಳಿಗೂ ಆಪ್ತರಿಗೂ ಏಕವಚನ. ದೇವರನ್ನೇ ಏಕವಚನದಲ್ಲಿ ಪ್ರಾರ್ಥಿಸುವವರು ಮನುಷ್ಯನೊಬ್ಬನಿಗೆ ಬಹುವಚನ ಹಚ್ಚುವುದು ವ್ಯಾಕರಣಕ್ಕೂ ಸತ್ಯಕ್ಕೂ ದ್ರೋಹ ಎಂದು ಫಾಕ್ಸ್ ವಾದಿಸಿದ. ಒಬ್ಬನೇ ಇರುವಾಗ ಹಲವರಿದ್ದಾರೆಂದು ಹೇಳುವುದು ಸುಳ್ಳು ತಾನೆ? 1660ರಲ್ಲಿ ಅವನೂ ಅವನ ಸಂಗಡಿಗರೂ ಲೋಕದ ಹಲವು ಭಾಷೆಗಳ ಏಕವಚನ ಬಹುವಚನಗಳನ್ನು ಪಟ್ಟಿಮಾಡಿ ಒಂದು ವ್ಯಾಕರಣದ ಪುಸ್ತಕವನ್ನೇ ಅಚ್ಚುಹಾಕಿಸಿದರು. ನಮ್ಮಲ್ಲಿಯೂ ದೇವರಿಗೆ ಏಕವಚನವೇ. ಬಹುವಚನ ಬೇಕಾಗುವುದು ತಹಶೀಲ್ದಾರರಿಗೆ.

ಥಾಮಸ್ ಎಲ್‌ವುಡ್ ಎಂಬ ತರುಣನ ಕಥೆ ಈ ಜಗಳ ಎಷ್ಟು ಮನೆಯೊಳಗಿನದಾಗಿತ್ತು ಎಂಬುದನ್ನು ತೋರಿಸುತ್ತದೆ. ಮುಂದೆ ಕುರುಡನಾಗಿದ್ದ ಕವಿ ಮಿಲ್ಟನ್ನನಿಗೆ ಪುಸ್ತಕ ಓದಿ ಹೇಳುತ್ತಿದ್ದವನು ಇವನೇ. ಇವನು ಕ್ವೇಕರರನ್ನು ಸೇರಿದ ಮೇಲೆ ತಂದೆಯ ಎದುರು ಟೊಪ್ಪಿ ತೆಗೆಯಲಿಲ್ಲ. ತಂದೆ ಅದನ್ನು ಕಿತ್ತುಕೊಂಡ. ಮಗ ಇನ್ನೊಂದು ಟೊಪ್ಪಿ ಹಾಕಿಕೊಂಡು ಬಂದ, ಅದನ್ನೂ ಕಿತ್ತುಕೊಂಡ. ಹೀಗೆ ಒಂದೊಂದಾಗಿ ಮಗನ ಟೊಪ್ಪಿಗಳೆಲ್ಲ ತಂದೆಯ ವಶವಾದವು, ಬರಿತಲೆಯಲ್ಲಿ ಹೊರಗೆ ಹೋಗಲಾಗದೆ ಮಗ ಮನೆಯಲ್ಲೇ ಉಳಿಯಬೇಕಾಯಿತು. ಇನ್ನೊಮ್ಮೆ ತನ್ನನ್ನು ‘ನೀನು’ ಎಂದರೆ ಹಲ್ಲು ಉದುರಿಸುತ್ತೇನೆ ಎಂದು ಆ ತಂದೆ ಗದರಿಸಿದ್ದನ್ನು ಎಲ್‌ವುಡ್ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಇದನ್ನು ಓದುವಾಗ ನನಗೆ ನಗು ಬಂತು, ಆಮೇಲೆ ನನ್ನ ಅಪ್ಪಯ್ಯನನ್ನು ನಾನು ಏಕವಚನದಲ್ಲಿ ಕರೆಯುವುದನ್ನು ಕಲ್ಪಿಸಿಕೊಂಡು ನಗು ನಿಂತಿತು.

ಟೊಪ್ಪಿ ನ್ಯಾಯಾಲಯವನ್ನೂ ಹತ್ತಿತು. ಮಿತ್ರರ ಸಭಾಗೃಹಕ್ಕೆ ಬೀಗ ಹಾಕಿದ್ದರಿಂದ ಲಂಡನ್ನಿನ ಬೀದಿಯಲ್ಲಿ ನಿಂತು ಉಪದೇಶ ಮಾಡಿದನೆಂಬ ಕಾರಣಕ್ಕೆ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಎಂಬಿಬ್ಬರ ಮೇಲೆ 1670ರ ಸೆಪ್ಟೆಂಬರಿನಲ್ಲಿ ವಿಚಾರಣೆ ನಡೆಯಿತು. ಅವರು ಒಳಗೆ ಬರುವಾಗ ಸಿಬ್ಬಂದಿಯೊಬ್ಬ ಅವರ ಟೊಪ್ಪಿ ತೆಗೆದಿದ್ದ. ಪೀಠದಲ್ಲಿದ್ದವರು ಅದನ್ನು ಮತ್ತೆ ತಲೆಗೆ ಇಡಿಸಿದರು. ಇಡಿಸಿದ ಮೇಲೆ, ನ್ಯಾಯಾಲಯದಲ್ಲಿ ಟೊಪ್ಪಿ ತೆಗೆಯಲಿಲ್ಲವೆಂದು ದಂಡ ವಿಧಿಸಿದರು. ಇಷ್ಟೇ ಆಗಿದ್ದರೆ ಇದೊಂದು ಪ್ರಹಸನವಾಗಿ ಮುಗಿಯುತ್ತಿತ್ತು. ಆದರೆ ಹನ್ನೆರಡು ಮಂದಿ ಜ್ಯೂರಿಗಳು ಇವರನ್ನು ತಪ್ಪಿತಸ್ಥರೆನ್ನಲು ಒಪ್ಪಲಿಲ್ಲ. ಅನ್ನ, ನೀರು, ಬೆಂಕಿ ಯಾವುದನ್ನೂ ಕೊಡದೆ ಅವರನ್ನು ಕೂಡಿಹಾಕಿದರೂ ಜಗ್ಗಲಿಲ್ಲ. ಕೊನೆಗೆ ಅವರಿಗೇ ದಂಡ ಹಾಕಿ ಸೆರೆಮನೆಗೆ ಕಳಿಸಲಾಯಿತು. ಅವರಲ್ಲೊಬ್ಬನಾದ ಎಡ್ವರ್ಡ್ ಬುಶೆಲ್ ಮೇಲಿನ ನ್ಯಾಯಾಲಯಕ್ಕೆ ಹೋದ, ಜ್ಯೂರಿಯನ್ನು ಅದು ಕೊಟ್ಟ ತೀರ್ಪಿಗಾಗಿ ಶಿಕ್ಷಿಸುವಂತಿಲ್ಲ ಎಂಬ ನಿಯಮ ಆ ಮೊಕದ್ದಮೆಯಿಂದ ಗಟ್ಟಿಯಾಯಿತು. ಇಂಗ್ಲಿಷ್ ಕಾನೂನಿನ ಒಂದು ದೊಡ್ಡ ರಕ್ಷಣೆ ಹೀಗೆ ಟೊಪ್ಪಿಯ ಜಗಳದ ಬೆನ್ನಿಗೆ ಬಂದದ್ದು.

ಇಲ್ಲಿ ನನ್ನನ್ನು ಬಹಳ ದಿನ ಕಾಡಿದ ಒಂದು ವ್ಯತ್ಯಾಸವಿದೆ. ಅವರು ಸಮಾನತೆಗಾಗಿ ಎಲ್ಲರನ್ನೂ ‘ನೀನು’ ಎಂದರು. ನಾವು ಅದೇ ಸಮಾನತೆಗಾಗಿ ಎಲ್ಲರನ್ನೂ ‘ನೀವು’ ಎನ್ನುತ್ತಿದ್ದೇವೆ. ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ನಾನು ಬಂದವರನ್ನೆಲ್ಲ ‘ನೀವು’ ಎಂದೆ, ಆ ಕೊನೆಗೌಡನ ಮೊಮ್ಮಗನನ್ನೂ ‘ಬನ್ನಿ, ಕುಳಿತುಕೊಳ್ಳಿ’ ಎಂದೆ. ಅದರಿಂದ ನಾನು ಕಳೆದುಕೊಂಡದ್ದು ಏನೂ ಇಲ್ಲ. ಕೆಳಗಿದ್ದವನನ್ನು ಮಾತಿನಲ್ಲಿ ಒಂದು ಮೆಟ್ಟಿಲು ಹತ್ತಿಸಿದರೆ ಮೇಲಿದ್ದವನ ಜಾಗ ಹಾಗೆಯೇ ಇರುತ್ತದೆ, ಸಾಲ ಮಂಜೂರು ಮಾಡುವುದೂ ತಿರಸ್ಕರಿಸುವುದೂ ಅವನ ಕೈಯಲ್ಲೇ ಇರುತ್ತದೆ. ಮೇಲಿದ್ದವನನ್ನು ಅವನ ಎದುರಿಗೇ ಒಂದು ಮೆಟ್ಟಿಲು ಇಳಿಸುವುದಕ್ಕೆ ಮಾತ್ರ ಬೆಲೆ ತೆರಬೇಕು. ಕ್ವೇಕರರ ಏಕವಚನ ಸೌಜನ್ಯದ ಮಾತಾಗಿರಲಿಲ್ಲ, ಅಸಹಕಾರವಾಗಿತ್ತು. ಇನ್ನೂರು ವರ್ಷಗಳ ಮೇಲೆ ಅದೂ ಸವೆದುಹೋಯಿತೆಂಬುದು ಬೇರೆ ಮಾತು: ಇಂಗ್ಲಿಷ್ ಲೋಕವೆಲ್ಲ ‘ಯೂ’ಗೆ ಹೊರಳಿದ ಮೇಲೆ ಕ್ವೇಕರರ ಹಳೆಯ ಸರ್ವನಾಮ ಅವರವರ ನಡುವಿನ ಗುರುತಾಗಿ, ಹೆಚ್ಚುಕಡಿಮೆ ಒಂದು ಜಾತಿಯ ಮನೆಮಾತಿನಂತಾಗಿ ಉಳಿಯಿತು.

ಆಣೆಯ ವಿಷಯವೂ ಇದೇ ಜಾಡಿನದು. ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳುವುದು ಸತ್ಯವಾದರೆ ಉಳಿದ ಸಮಯದಲ್ಲಿ ಆಡುವುದೇನು ಎಂದು ಅವರು ಕೇಳಿದರು, ಬೈಬಲಿನ ಮೇಲೆ ಕೈಯಿಡಲು ನಿರಾಕರಿಸಿ ಸಾವಿರಾರು ಜನ ಸೆರೆಮನೆ ಕಂಡರು. 1696ರಲ್ಲಿ ಅವರಿಗಾಗಿಯೇ, ಆಣೆಯ ಬದಲು ಗಂಭೀರವಾಗಿ ದೃಢಪಡಿಸಿ ಹೇಳಲು ಅವಕಾಶ ಕೊಡುವ ಕಾಯ್ದೆ ಬಂತು. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳಿಗೂ ಶಾಸಕರಿಗೂ ದೇವರ ಹೆಸರಿನಲ್ಲಿ ಪ್ರಮಾಣ ಮಾಡುವ ಇಲ್ಲವೇ ದೇವರ ಹೆಸರೆತ್ತದೆ ದೃಢೀಕರಿಸುವ ಎರಡು ದಾರಿಗಳಿವೆಯಲ್ಲ, ಆ ಎರಡನೆಯ ದಾರಿಯನ್ನು ಇಂಗ್ಲಿಷ್ ಕಾನೂನಿನಲ್ಲಿ ಮೊದಲು ಸವೆಸಿದವರಲ್ಲಿ ಇವರು ಮುಖ್ಯರು. ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬ ಬೋರ್ಡು ತೂಗುಹಾಕಿ ತೋಟದ ಅಡಿಕೆ ಕಾಯುವ ನಮ್ಮ ಸೀಮೆಯವರಿಗೆ ಆಣೆಯಿಲ್ಲದ ಸತ್ಯ ಸ್ವಲ್ಪ ಬೋಳಾಗಿ ಕಂಡೀತು. ನಮ್ಮ ತೋಟದಲ್ಲೂ ಅಂಥದೊಂದು ಬೋರ್ಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ವ್ಯಾಪಾರದಲ್ಲಿ ಅವರು ಚೌಕಾಸಿ ಬಿಟ್ಟರು. ಕೊಡುವ ಬೆಲೆಯೊಂದಿದ್ದು ಬಾಯಲ್ಲಿ ಇನ್ನೊಂದು ಹೇಳುವುದು ಸುಳ್ಳೆಂದು, ಮಗು ಬಂದು ಕೇಳಿದರೂ ಮಾಲೀಕ ಬಂದು ಕೇಳಿದರೂ ಒಂದೇ ದರ ಹೇಳಿದರು. ದನದ ಜಾತ್ರೆಯಲ್ಲಿ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ನಡೆಯುತ್ತಿದ್ದ ವ್ಯಾಪಾರವನ್ನು ಕಂಡವರಿಗೆ ಇದರ ವಿಚಿತ್ರ ಗೊತ್ತಾಗುತ್ತದೆ. ಮೊದಮೊದಲು ಗಿರಾಕಿಗಳು ದೂರ ಸರಿದರು, ಆಮೇಲೆ ಮಕ್ಕಳನ್ನೂ ನಂಬಿ ಕಳಿಸಬಹುದಾದ ಅಂಗಡಿ ಇದೇ ಎಂದು ಮುಗಿಬಿದ್ದರು. ವಿಶ್ವವಿದ್ಯಾಲಯದ ಬಾಗಿಲೂ ಸರ್ಕಾರಿ ಹುದ್ದೆಯ ಬಾಗಿಲೂ ಮುಚ್ಚಿದ್ದರಿಂದ ಅವರಿಗೆ ವ್ಯಾಪಾರವೊಂದೇ ದಾರಿಯಾಗಿತ್ತು, ನಂಬಿಕೆಯೇ ಬಂಡವಾಳವಾಯಿತು. ಬಾರ್ಕ್ಲೇಸ್ ಮತ್ತು ಲಾಯ್ಡ್ಸ್ ಬ್ಯಾಂಕುಗಳು, ಕ್ಯಾಡ್‌ಬರಿ, ರೌನ್‌ಟ್ರೀ, ಫ್ರೈ ಎಂಬ ಮೂರೂ ಚಾಕೊಲೇಟ್ ಮನೆತನಗಳು ಕ್ವೇಕರ್ ಮೂಲದವು.

ಅಳತೆಯ ಪ್ರಾಮಾಣಿಕತೆ ರಾಜಕೀಯವಾಗುವುದು ಹೇಗೆಂಬುದಕ್ಕೆ ಸಾಗರದವರು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. 1951ರ ಕಾಗೋಡು ಸತ್ಯಾಗ್ರಹದ ಕಿಡಿ ಹೊತ್ತಿದ್ದು ಒಂದು ಕೊಳಗದಿಂದ. ಗೇಣಿಯ ಭತ್ತವನ್ನು ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ದೀವರ ಗೇಣಿದಾರರು ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಸರಿಯಾದ ಅಳತೆ ಕೇಳಿದರು, ಕೇಳಿದವರನ್ನು ಭೂಮಿಯಿಂದ ಬಿಡಿಸಲಾಯಿತು. ಶಾಂತವೇರಿ ಗೋಪಾಲಗೌಡರಂತಹ ಸಮಾಜವಾದಿಗಳು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಇಲ್ಲಿಗೇ ಬಂದು ಬಂಧನಕ್ಕೊಳಗಾದರು. ಆ ಚಳವಳಿಯ ಬಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಆಡುತ್ತಿದ್ದ ಮಾತುಗಳು ಹೊಗಳಿಕೆಯವಾಗಿರಲಿಲ್ಲ. ಕೊಳಗದಲ್ಲಿ ನಾಲ್ಕು ಹಿಡಿ ಭತ್ತ ಹೆಚ್ಚಾದರೆ ಏನು ಗಂಟು ಹೋಗುತ್ತದೆ ಎನ್ನುತ್ತಿದ್ದವರಿಗೆ, ಅಷ್ಟು ಸಣ್ಣದಾದರೆ ಬಿಟ್ಟುಕೊಡಲು ಏನು ಅಡ್ಡಿ ಎಂದು ಕೇಳುವವರು ಜಗಲಿಯ ಮೇಲೆ ಇರಲಿಲ್ಲ. ಟೊಪ್ಪಿಯ ವಿಷಯದಲ್ಲೂ ಲಂಡನ್ನಿನ ಸಭ್ಯರು ಇದೇ ಮಾತನಾಡಿದ್ದರು.

ಇಷ್ಟಾದರೂ ಕ್ವೇಕರರನ್ನು ಪೂಜೆಗಿಡುವುದು ನನ್ನ ಉದ್ದೇಶವಲ್ಲ. ತಮ್ಮ ತತ್ತ್ವವನ್ನು ತಾವೇ ಕೇಳಿಸಿಕೊಳ್ಳಲು ಅವರಿಗೆ ಎಷ್ಟು ಕಾಲ ಹಿಡಿಯಿತು ಎಂಬುದು ಗುಲಾಮಗಿರಿಯ ಪ್ರಕರಣದಲ್ಲಿ ಕಾಣುತ್ತದೆ, ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದೂ ಅದೇ. ಪೆನ್ 1681ರಲ್ಲಿ ದೊರೆಯಿಂದ ಸನ್ನದು ಪಡೆದು ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಕಟ್ಟಿದ, ಧಾರ್ಮಿಕ ಸ್ವಾತಂತ್ರ್ಯ ಕೊಟ್ಟ, ಮರಣದಂಡನೆಯನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದ. ಅದೇ ಪೆನ್ ಗುಲಾಮರನ್ನು ಇಟ್ಟುಕೊಂಡಿದ್ದ. 1688ರಲ್ಲಿ ಅಲ್ಲಿನ ಜರ್ಮನ್‌ಟೌನಿನ ನಾಲ್ವರು ಒಂದು ಮನವಿ ಬರೆದು, ನಮ್ಮನ್ನು ಯಾರಾದರೂ ಹೀಗೆ ಮಾರಿದರೆ ನಾವು ಒಪ್ಪುತ್ತೇವೆಯೇ ಎಂಬರ್ಥದ ಪ್ರಶ್ನೆಯನ್ನು ತಮ್ಮವರ ಮುಂದಿಟ್ಟರು. ಒಂದು ಸಭೆ ಅದನ್ನು ಮೇಲಿನ ಸಭೆಗೆ ಕಳಿಸಿತು, ಆ ಸಭೆ ಅದಕ್ಕಿಂತ ಮೇಲಿನ ಸಭೆಗೆ ಕಳಿಸಿತು, ಕಡತ ಅಲ್ಲಿ ಮಲಗಿತು. ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟು ಬಲ್ಲವರಿಗೆ ಈ ಪ್ರಯಾಣ ಪರಿಚಿತವಾದದ್ದು.

ಆಮೇಲೆ ಬಂದವನು ಬೆಂಜಮಿನ್ ಲೇ, ನಾಲ್ಕು ಅಡಿಯಷ್ಟೇ ಎತ್ತರದ, ಗೂನು ಬೆನ್ನಿನ ಮನುಷ್ಯ. 1738ರಲ್ಲಿ ನ್ಯೂಜೆರ್ಸಿಯ ಬರ್ಲಿಂಗ್ಟನ್ನಿನಲ್ಲಿ ಕ್ವೇಕರರ ವಾರ್ಷಿಕ ಸಭೆ ನಡೆಯುತ್ತಿದ್ದಾಗ, ಒಳಗೆ ಕೊರೆದು ಕೆಂಪು ಹಣ್ಣಿನ ರಸದ ಚೀಲವೊಂದನ್ನು ಹುದುಗಿಸಿಟ್ಟ ಪುಸ್ತಕವನ್ನು ಎತ್ತಿಹಿಡಿದು, ಗುಲಾಮರನ್ನು ಇಟ್ಟುಕೊಂಡವರ ರಕ್ತವನ್ನು ದೇವರು ಹೀಗೆ ಹರಿಸುತ್ತಾನೆಂದು ಕೂಗಿ ಕತ್ತಿಯಿಂದ ತಿವಿದ. ಅಕ್ಕಪಕ್ಕದವರ ಮೇಲೆಲ್ಲ ಕೆಂಪು ಸಿಡಿಯಿತು. ಸಭೆಯವರು ಅವನನ್ನು ಎತ್ತಿ ಹೊರಗೆ ಹಾಕಿದರು. ಜಾನ್ ವುಲ್ಮನ್ನನ ದಾರಿ ಬೇರೆಯದು. ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಯಜಮಾನ ಹೇಳಿದನೆಂದು ಅವನು ಗುಲಾಮ ಹೆಂಗಸೊಬ್ಬಳ ಕ್ರಯಪತ್ರ ಬರೆದುಕೊಟ್ಟ; ಬರೆದ ಕೈಯ ನೋವು ಅವನನ್ನು ಜೀವನಪೂರ್ತಿ ಬಿಡಲಿಲ್ಲ. ಅವನು ಮನೆಮನೆಗೆ ಹೋಗಿ ಗುಲಾಮರನ್ನು ಬಿಡಿರೆಂದು ಮೆಲುದನಿಯಲ್ಲಿ ಕೇಳಿದ. ಅಂಥವರ ಮನೆಯಲ್ಲಿ ತಂಗಿದರೆ ತನಗೆ ಉಪಚಾರ ಮಾಡಿದ ಗುಲಾಮರಿಗೆ ಕೂಲಿ ಕೊಟ್ಟೇ ಹೊರಡುತ್ತಿದ್ದ. ಆತಿಥ್ಯ ಕೊಟ್ಟ ಯಜಮಾನನಿಗೆ ಅದಕ್ಕಿಂತ ಮುಜುಗರದ ಮಾತು ಬೇರೆ ಇರಲಾರದು. ಬಣ್ಣ ಹಾಕದ ಬಟ್ಟೆ ಉಟ್ಟ, ಗುಲಾಮರ ಬೆವರಿನ ಸಕ್ಕರೆಯನ್ನು ಬಿಟ್ಟ. ಫಿಲಡೆಲ್ಫಿಯಾದ ವಾರ್ಷಿಕ ಸಭೆ 1758ರಲ್ಲಿ ಗುಲಾಮರ ಕೊಡುಕೊಳ್ಳುವಿಕೆಯ ವಿರುದ್ಧ ನಿಂತಿತು, 1776ರಲ್ಲಿ ಗುಲಾಮರನ್ನು ಬಿಡದವರನ್ನು ಸಂಘದಿಂದ ಹೊರಗಿಟ್ಟಿತು. ಜರ್ಮನ್‌ಟೌನಿನ ಮನವಿಯಿಂದ ಲೆಕ್ಕ ಹಾಕಿದರೆ 88 ವರ್ಷ. ಲೇ ಮತ್ತು ವುಲ್ಮನ್, ಇಬ್ಬರಲ್ಲಿ ಯಾರಿಂದ ಕೆಲಸವಾಯಿತು ಎಂದು ಚಳವಳಿಗಳ ಒಳಗೆ ಇಂದಿಗೂ ವಾದ ನಡೆಯುತ್ತದೆ. ನನ್ನ ಅಂದಾಜಿನಲ್ಲಿ, ಲೇ ಅರಚದೆ ಹೋಗಿದ್ದರೆ ವುಲ್ಮನ್ನನ ಮೆಲುದನಿಗೆ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ.

ಲಂಡನ್ನಿನಲ್ಲಿ 1787ರಲ್ಲಿ ಗುಲಾಮ ವ್ಯಾಪಾರದ ವಿರುದ್ಧ ಹುಟ್ಟಿದ ಸಮಿತಿಯ ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ಕ್ವೇಕರರು. ಸಹಿ ಸಂಗ್ರಹಿಸಿ ಮನವಿ ಸಲ್ಲಿಸುವುದು, ಕರಪತ್ರ ಹಂಚುವುದು, ಒಂದು ಪದಾರ್ಥವನ್ನು ಮನೆಮನೆಯಲ್ಲಿ ಬಹಿಷ್ಕರಿಸುವುದು ಇವೆಲ್ಲ ಸಾಮಾಜಿಕ ಹೋರಾಟದ ಸಲಕರಣೆಗಳಾಗಿ ರೂಢಿಗೆ ಬರುವುದರಲ್ಲಿ ಆ ಆಂದೋಲನದ ಪಾಲು ದೊಡ್ಡದು. ಹಾಗೆಂದು ಗುಲಾಮಗಿರಿಯನ್ನು ಬಿಡಿಸಿದವರು ಕ್ವೇಕರರೇ ಎನ್ನುವ ಉತ್ಸಾಹ ಬೇಡ. ಹೈಟಿಯಲ್ಲಿ 1791ರಲ್ಲಿ ಗುಲಾಮರೇ ದಂಗೆಯೆದ್ದು ತಮ್ಮ ಬಿಡುಗಡೆಯನ್ನು ತಾವೇ ಗೆದ್ದುಕೊಂಡರು. ಗುಲಾಮರ ಪರವಾಗಿ ಅಷ್ಟು ದುಡಿದ ಫಿಲಡೆಲ್ಫಿಯಾದ ಕ್ವೇಕರರ ಸಭಾಗೃಹದಲ್ಲೇ, ಹತ್ತೊಂಬತ್ತನೆಯ ಶತಮಾನದಲ್ಲಿ, ಕಪ್ಪು ಜನರಿಗೆ ಬೇರೆ ಬೆಂಚು ಇತ್ತು. ಸಾರಾ ಮ್ಯಾಪ್ಸ್ ಡಗ್ಲಾಸ್ ಎಂಬ ಶಿಕ್ಷಕಿ ಆ ಅವಮಾನವನ್ನು ದಾಖಲಿಸಿದ್ದಾಳೆ. ಒಂದೇ ಬೆಳಕು, ಬೇರೆ ಬೆಂಚು. ಪಂಕ್ತಿಭೇದವನ್ನು ಮನೆಯ ಊಟದಲ್ಲೇ ಕಂಡ ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ.

ಚಾಕೊಲೇಟಿನ ಮನೆತನಗಳ ಕಥೆಯಲ್ಲೂ ಇಂಥದೇ ಬಿರುಕಿದೆ. ಸೀಬೋಮ್ ರೌನ್‌ಟ್ರೀ 1899ರಲ್ಲಿ ಯಾರ್ಕ್ ನಗರದ ಕಾರ್ಮಿಕರ ಮನೆಮನೆಯ ಲೆಕ್ಕ ತೆಗೆಸಿ, ನಗರದ ಜನರಲ್ಲಿ ಶೇಕಡ 27.84 ಮಂದಿ ಬಡತನದಲ್ಲಿದ್ದಾರೆಂದು ತೋರಿಸಿದ. ಬಡತನ ಸೋಮಾರಿಗಳಿಗೆ ಬರುವ ರೋಗವೆಂಬ ಮಾತು ಆ ಅಂಕಿಯ ಎದುರು ನಿಲ್ಲಲಿಲ್ಲ, ಬ್ರಿಟನ್ನಿನಲ್ಲಿ 1908ರ ವೃದ್ಧಾಪ್ಯ ವೇತನ ಮತ್ತು 1911ರ ರಾಷ್ಟ್ರೀಯ ವಿಮೆಗಳ ಹಿಂದಿನ ಚರ್ಚೆಗೆ ಅದು ಆಧಾರವಾಯಿತು. ಕ್ಯಾಡ್‌ಬರಿಯವರು ಕಾರ್ಮಿಕರಿಗಾಗಿ ಬೋರ್ನ್‌ವಿಲ್ಲಿನಲ್ಲಿ ತೋಟದ ಮನೆಗಳ ಊರನ್ನೇ ಕಟ್ಟಿಸಿದರು. ಅವರು ಕೊಳ್ಳುತ್ತಿದ್ದ ಕೋಕೋ ಮಾತ್ರ ಪೋರ್ಚುಗೀಸರ ಸಾವೊ ತೊಮೆ ದ್ವೀಪದಲ್ಲಿ, ಹೆಸರಿಗಷ್ಟೇ ಕರಾರಿನ ಕೂಲಿಗಳಾಗಿದ್ದ ಗುಲಾಮರ ಕೈಯಿಂದ ಬರುತ್ತಿತ್ತು. 1901ರಲ್ಲೇ ಸುದ್ದಿ ಕಿವಿಗೆ ಬಿದ್ದಿದ್ದರೂ ಖರೀದಿ ನಿಲ್ಲಿಸಿದ್ದು 1909ರಲ್ಲಿ. ಆ ಬಗ್ಗೆ ಬರೆದ ಪತ್ರಿಕೆಯ ಮೇಲೆ ಅವರು ಹೂಡಿದ ಮಾನನಷ್ಟ ಮೊಕದ್ದಮೆಯನ್ನು ಗೆದ್ದರು, ಜ್ಯೂರಿ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ಕಾಲು ಭಾಗ.

ಹೆಂಗಸರ ವಿಷಯದಲ್ಲಿ ಅವರು ತಮ್ಮ ಕಾಲಕ್ಕಿಂತ ನಿಜವಾಗಿಯೂ ಮುಂದಿದ್ದರು. ಹೆಂಗಸರು ಸಭೆಯಲ್ಲಿ ಉಪದೇಶ ಮಾಡುವುದು ಸರಿಯೆಂದು ಮಾರ್ಗರೆಟ್ ಫೆಲ್ 1666ರಲ್ಲಿ, ಸೆರೆಮನೆಯಲ್ಲಿದ್ದಾಗಲೇ, ವಾದಿಸಿ ಬರೆದಳು. ಗಡೀಪಾರಿನ ಆಜ್ಞೆ ಮೀರಿ ಮರಳಿ ಬಂದ ಕ್ವೇಕರ್ ಹೆಂಗಸು ಮೇರಿ ಡೈಯರ್‌ಳನ್ನು 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಅಮೆರಿಕದ ಮಹಿಳಾ ಹಕ್ಕುಗಳ ಮೊದಲ ಸಮಾವೇಶ 1848ರಲ್ಲಿ ಸೆನೆಕಾ ಫಾಲ್ಸಿನಲ್ಲಿ ನಡೆದಾಗ ಅದನ್ನು ಕರೆದ ಐವರಲ್ಲಿ ನಾಲ್ವರು ಕ್ವೇಕರ್ ಹಿನ್ನೆಲೆಯವರು. ಇದಕ್ಕೆ ಕಾರಣ ಸರಳವಾದದ್ದು: ಇನ್ನೂರು ವರ್ಷಗಳಿಂದ ಆ ಮನೆಗಳ ಹೆಂಗಸರಿಗೆ ಸಭೆಯಲ್ಲಿ ಎದ್ದುನಿಂತು ಮಾತನಾಡುವ ಅಭ್ಯಾಸವಿತ್ತು. ಮನೆಮಾತಿನಲ್ಲಿ ಹೆಂಡತಿಯನ್ನೂ ಅಕ್ಕತಂಗಿಯರನ್ನೂ ‘ಅದು ಬಂತು, ಅದು ಹೋತು’ ಎನ್ನುವ ಹವ್ಯಕರ ಮನೆಯಿಂದ ಬಂದ ನಾನು ಸರ್ವನಾಮದ ಬಗ್ಗೆ ಇದಕ್ಕಿಂತ ಹೆಚ್ಚು ಮಾತನಾಡದಿರುವುದು ಲೇಸು. ಭಾಷಾವಿಜ್ಞಾನಿಗಳು ಅದಕ್ಕೆ ಬೇರೆ ವಿವರಣೆ ಕೊಡುತ್ತಾರೆ, ನನ್ನ ಹೆಂಡತಿ ಒಪ್ಪುವುದಿಲ್ಲ.

ಶಾಂತಿಯ ನಿಲುವನ್ನು ಅವರು 1661ರಲ್ಲಿಯೇ ಎರಡನೆಯ ಚಾರ್ಲ್ಸ್ ದೊರೆಗೆ ಬರೆದುಕೊಟ್ಟರು; ಯುದ್ಧಕ್ಕೆ ಒಲ್ಲೆನೆನ್ನುವ ಪ್ರಜೆಯ ಹಕ್ಕನ್ನು ಬ್ರಿಟನ್ನಿನ ಕಾಯ್ದೆ 1916ರಲ್ಲಿ ಒಪ್ಪಿದ್ದರ ಹಿಂದೆ ಆ ಪರಂಪರೆಯಿದೆ. 1947ರ ನೊಬೆಲ್ ಶಾಂತಿ ಪ್ರಶಸ್ತಿ ಅವರ ಎರಡು ಸೇವಾ ಸಂಸ್ಥೆಗಳಿಗೆ ಸಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಗಾಂಧೀಜಿ ಕಲ್ಕತ್ತದಲ್ಲಿ ಗಲಭೆ ತಣಿಸುತ್ತಿದ್ದಾಗ ಜೊತೆಯಲ್ಲಿದ್ದ ಹೊರೇಸ್ ಅಲೆಕ್ಸಾಂಡರ್ ಕ್ವೇಕರ್. ಗಾಂಧಿಯ ವಿಧಾನವನ್ನು 1956ರಲ್ಲಿ ಮಾಂಟ್ಗೊಮರಿಯ ಬಸ್ ಬಹಿಷ್ಕಾರದ ಕಾಲದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಹತ್ತಿರದಿಂದ ತಿಳಿಸಿಕೊಟ್ಟು, 1963ರ ಆಗಸ್ಟ್ 28ರ ವಾಷಿಂಗ್ಟನ್ ಮೆರವಣಿಗೆಯನ್ನು ಸಂಘಟಿಸಿದ ಬಯಾರ್ಡ್ ರಸ್ಟಿನ್ ಕೂಡ ಕ್ವೇಕರ್. ಅವರು ಸಲಿಂಗಿಯಾಗಿದ್ದರೆಂಬ ಕಾರಣಕ್ಕೆ ಚಳವಳಿಯವರೇ ಅವರನ್ನು ಹಿಂದಿನ ಸಾಲಿನಲ್ಲಿಟ್ಟರು.

ಈಗ ಮೌನದ ವಿಷಯಕ್ಕೆ ಬರಬೇಕು. ಕ್ವೇಕರರ ಸಾಂಪ್ರದಾಯಿಕ ಆರಾಧನೆಯಲ್ಲಿ ಪಾದ್ರಿಯಿಲ್ಲ, ಮಂತ್ರವಿಲ್ಲ. ಎಲ್ಲರೂ ಸುಮ್ಮನೆ ಕುಳಿತಿರುತ್ತಾರೆ, ಯಾರಿಗೆ ಒಳಗಿನಿಂದ ಪ್ರೇರಣೆಯಾಗುತ್ತದೋ ಅವರು ಎದ್ದು ಮಾತನಾಡಿ ಕುಳಿತುಕೊಳ್ಳುತ್ತಾರೆ. ಇದೇ ಮೌನವನ್ನು ಕೈದಿಗಳಿಗೂ ಕೊಟ್ಟರೆ ಅವರ ಮನಸ್ಸು ತಿರುಗೀತೆಂಬ ಸದುದ್ದೇಶ ಕ್ವೇಕರರೂ ಸೇರಿದಂತೆ ಫಿಲಡೆಲ್ಫಿಯಾದ ಸುಧಾರಕರಲ್ಲಿತ್ತು. 1829ರಲ್ಲಿ ತೆರೆದ ಅಲ್ಲಿನ ಈಸ್ಟರ್ನ್ ಸ್ಟೇಟ್ ಸೆರೆಮನೆಯಲ್ಲಿ ಪ್ರತಿಯೊಬ್ಬ ಕೈದಿಯನ್ನೂ ಒಂಟಿ ಕೋಣೆಯಲ್ಲಿಟ್ಟರು. ಅದರಿಂದ ಎಷ್ಟೋ ಜನ ಬುದ್ಧಿ ಕಳೆದುಕೊಂಡರು. 1842ರಲ್ಲಿ ನೋಡಿಬಂದ ಚಾರ್ಲ್ಸ್ ಡಿಕನ್ಸ್ ಅದನ್ನು ಕ್ರೌರ್ಯವೆಂದೇ ಬರೆದ. ಲಂಡನ್ನಿನ ನ್ಯೂಗೇಟ್ ಸೆರೆಮನೆಗೆ 1813ರಲ್ಲಿ ಮೊದಲ ಸಲ ಹೋದ ಎಲಿಜಬೆತ್ ಫ್ರೈ ಮುಂದೆ ಕೈದಿ ಹೆಂಗಸರ ನಡುವೆ ಕುಳಿತು, ನಿಮ್ಮ ನಿಯಮಗಳನ್ನು ನೀವೇ ಚರ್ಚಿಸಿ ಒಪ್ಪಿಕೊಳ್ಳಿ ಎಂದಳು. ಒಂದೇ ಪಂಥದಿಂದ ಎರಡೂ ಹೊರಟವು. ತಾನೇ ಆಯ್ದುಕೊಂಡ ಮೌನ ಬೇರೆ, ಇನ್ನೊಬ್ಬರು ಬೀಗ ಹಾಕಿ ಹೇರಿದ ಮೌನ ಬೇರೆ ಎಂಬುದು ಆ ಸಜ್ಜನರಿಗೆ ಹೊಳೆಯಲಿಲ್ಲ.

ಅವರ ಆಡಳಿತದ ಸಭೆಯೂ ಮೌನದಿಂದಲೇ ಶುರುವಾಗುತ್ತದೆ, ಅಲ್ಲಿ ಮತಕ್ಕೆ ಹಾಕುವ ಪದ್ಧತಿಯಿಲ್ಲ. ಸಭೆ ನಡೆಸುವವನ ಪದವಿಯ ಹೆಸರು ಕ್ಲರ್ಕ್. ಜೀವಮಾನವೆಲ್ಲ ಕ್ಲರ್ಕ್ ಎನಿಸಿಕೊಂಡ ನನಗೆ ಅದನ್ನು ಓದಿ ಒಂದು ಬಗೆಯ ಸಂತೋಷವಾಯಿತು. ಅವನು ಎಲ್ಲರ ಮಾತು ಕೇಳಿ, ಸಭೆಯ ಅಭಿಪ್ರಾಯ ಹೀಗಿದೆಯೆಂದು ತನಗೆ ತೋರಿದ್ದನ್ನು ಅಲ್ಲೇ ಬರೆದು, ಅಲ್ಲೇ ಓದಿ ಹೇಳಬೇಕು. ಅದು ಸರಿಯೆಂದು ಸಭೆ ಒಪ್ಪಿದ ಮೇಲೆ ಮಾತ್ರ ಮುಂದಿನ ವಿಷಯ. ಒಪ್ಪಿಗೆಯಾಗದಿದ್ದರೆ ವಿಷಯ ಮುಂದಿನ ಸಭೆಗೆ ಹೋಗುತ್ತದೆ, ಅಲ್ಲಿಯೂ ಆಗದಿದ್ದರೆ ಅದರ ಮುಂದಿನದಕ್ಕೆ. ಈ ಪದ್ಧತಿ 1971ರಲ್ಲಿ ಫಿಲಡೆಲ್ಫಿಯಾದಲ್ಲಿ ಕ್ವೇಕರರಿಂದ ಹುಟ್ಟಿದ ಒಂದು ಸಣ್ಣ ಸಂಘಟನೆಯ ಮೂಲಕ ಅಮೆರಿಕದ ಅಣುಸ್ಥಾವರ ವಿರೋಧಿ ಚಳವಳಿಗೆ ಹೋಯಿತು. 1977ರಲ್ಲಿ ಸೀಬ್ರೂಕ್ ಸ್ಥಾವರದ ಜಾಗದಲ್ಲಿ ಬಂಧಿತರಾದ 1,414 ಮಂದಿ ಸೆರೆಯಲ್ಲೂ ಇದೇ ರೀತಿ ಸಭೆ ಸೇರಿ ತೀರ್ಮಾನಿಸುತ್ತಿದ್ದರು. 2011ರಲ್ಲಿ ನ್ಯೂಯಾರ್ಕಿನ ವಾಲ್‌ಸ್ಟ್ರೀಟಿನ ಬಳಿ ಉದ್ಯಾನದಲ್ಲಿ ಬೀಡುಬಿಟ್ಟ ಪ್ರತಿಭಟನಕಾರರು ಬೆರಳಾಡಿಸಿ ಒಪ್ಪಿಗೆ ಸೂಚಿಸುತ್ತ ಗಂಟೆಗಟ್ಟಲೆ ಚರ್ಚಿಸಿದ್ದಕ್ಕೂ ಬೇರು ಇಲ್ಲಿಯವರೆಗೆ ಬರುತ್ತದೆ. ಆದರೆ ಕ್ವೇಕರರಲ್ಲಿ ಆ ಪದ್ಧತಿಯನ್ನು ಹಿಡಿದಿಟ್ಟಿದ್ದು ತಲೆಮಾರುಗಳ ಪರಸ್ಪರ ಪರಿಚಯ ಮತ್ತು ಅವಸರವಿಲ್ಲದಿರುವಿಕೆ. ಅವೆರಡೂ ಇಲ್ಲದ ಕಡೆ, ಹೆಚ್ಚು ಹೊತ್ತು ಕೂರಬಲ್ಲವನ ಅಭಿಪ್ರಾಯವೇ ಒಮ್ಮತವಾಗುವ ಅಪಾಯವಿದೆ.

ನಮ್ಮ ಊರಿನಲ್ಲಿ ಗುಡ್ಡದ ಅಬ್ಬಿಯಿಂದ ಮನೆಗಳಿಗೂ ತೋಟಗಳಿಗೂ ಬರುವ ನೀರಿಗೆ ಒಂದು ಸಮಿತಿಯಿದೆ. ನಿವೃತ್ತನಾಗಿ ಊರಿಗೆ ಬಂದ ಮೇಲೆ ಲೆಕ್ಕ ಬಲ್ಲವನೆಂದು ಅದರ ಕಾರ್ಯದರ್ಶಿ ಕೆಲಸ ನನ್ನ ಕೊರಳಿಗೆ ಬಿತ್ತು. ನಡಾವಳಿ ಪುಸ್ತಕ ತಿರುವಿ ನೋಡಿದರೆ ಇಪ್ಪತ್ತು ವರ್ಷಗಳ ಎಲ್ಲ ಠರಾವುಗಳೂ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಮುಗಿಯುತ್ತವೆ. ಸಭೆಗೆ ಮೊದಲೇ ಮೂರು ಮನೆಯವರು ಸೇರಿ ಬರೆದಿಟ್ಟದ್ದನ್ನು ಸಭೆಯ ಕೊನೆಯಲ್ಲಿ, ಕಾಫಿ ಬರುವ ಹೊತ್ತಿಗೆ, ಸಹಿಗೆ ತಿರುಗಿಸುವುದು ರೂಢಿ. ಕೆಳಗಿನ ಕೇರಿಯವರು ಬಾಗಿಲ ಬಳಿ ಕುಳಿತಿದ್ದು ಸಹಿ ಹಾಕಿ ಹೋಗುತ್ತಿದ್ದರು. ಮೊದಲೆರಡು ವರ್ಷ ನಾನೂ ಹಾಗೆಯೇ ಬರೆದೆ.

ಕಳೆದ ವರ್ಷ ಹಳೆಯ ಪೈಪು ಬದಲಿಸುವ ವಿಷಯ ಬಂದಾಗ, ಠರಾವನ್ನು ಸಭೆಯಲ್ಲೇ ಬರೆದು ಗಟ್ಟಿಯಾಗಿ ಓದಿದೆ, ಓದಿದ ಮೇಲೆ ಪೆನ್ನು ಮುಚ್ಚದೆ ಕುಳಿತೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ, ಯಾರೋ ಕೆಮ್ಮಿದರು. ಆಮೇಲೆ ಬಾಗಿಲ ಬಳಿಯಿಂದ ಒಬ್ಬ ಹೆಂಗಸು, ‘ಹೆಗಡೇರೆ, ಬೇಸಗೇಲಿ ನಮ್ಮ ಕಡೆ ನೀರು ಬರೋದು ಬರೀ ಎರಡು ದಿನ. ಪೈಪಿನ ದುಡ್ಡು ಮಾತ್ರ ಎಲ್ಲರಿಗೂ ಒಂದೇ ಅಂತ ಬರೆದೀರಲ್ಲ, ಅದು ಹ್ಯಾಂಗೆ?’ ಎಂದರು. ಮೇಲಿನ ಮನೆಯ ಒಬ್ಬರು ಅದನ್ನು ಆಮೇಲೆ ನೋಡೋಣ ಎಂದರು. ನಾನು ‘ಈ ವಿಷಯದಲ್ಲಿ ಒಮ್ಮತವಾಗಲಿಲ್ಲ, ಮುಂದಿನ ಸಭೆಗೆ ಇಡಲಾಗಿದೆ’ ಎಂದು ಬರೆದು ಓದಿದೆ. ಇಪ್ಪತ್ತು ವರ್ಷಗಳ ಪುಸ್ತಕದಲ್ಲಿ ಆ ಬಗೆಯ ಮೊದಲ ವಾಕ್ಯ ಅದು. ಅಲ್ಲಿಂದೀಚೆಗೆ ಮೂರು ಸಭೆಗಳಾಗಿವೆ. ನೀರು ಬಿಡುವ ಸರದಿ ಬದಲಾಗಿದೆ, ಪೈಪು ಬದಲಾಗಿಲ್ಲ. ಈ ಮಳೆಗಾಲದಲ್ಲಿ ಅದು ಎರಡು ಕಡೆ ಒಡೆದಾಗ, ಕಾರ್ಯದರ್ಶಿಗೆ ಇಂಗ್ಲಿಷ್ ಪುಸ್ತಕ ಓದಿ ತಲೆ ಕೆಟ್ಟಿದೆ ಎಂದು ಊರವರು ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿದೆ. ನಾಲ್ಕನೆಯ ಸಭೆ ದೀಪಾವಳಿ ಕಳೆದ ಮೇಲೆ, ಅಡಿಕೆ ಕೊಯ್ಲು ಶುರುವಾಗುವ ಮೊದಲು.